ಮಗಳಿಗೊಂದು ಪತ್ರ: ಕುರಿ ಈಯಲು ಕಷ್ಟಪಡುವಾಗ

ಚಿ. ಸೌ. ಗಂಗಾಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಮುಂಗಾರಿನ ಹೊಸ ಹುಲ್ಲಿನ ಕಾಲದಲ್ಲಿ ಗಬ್ಬವಾದ ನಿಮ್ಮ ಕುರಿಗಳು ಕಾರ್ತಿಕದಿಂದ ಒಂದೊಂದಾಗಿ ಈಯತೊಡಗುತ್ತವೆಂದು ಫೋನಿನಲ್ಲಿ ಹೇಳಿದೆ. ಮರಿ ಸಿಕ್ಕಿಕೊಂಡರೆ ಎಲ್ಲಿ ಹಿಡಿದು ಎಳೆಯಬೇಕೆಂದೂ ಕೇಳಿದೆ. ಎಳೆಯುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಒಳಗಿರುವುದು ಏನೆಂದು ಬೆರಳಿಗೆ ಗೊತ್ತಾಗಬೇಕು, ಆಮೇಲೆ ಮರಿಯನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಳ್ಳಬೇಕು. ಇದನ್ನು ಫೋನಿನಲ್ಲಿ ಹೇಳಿದರೆ ನಿಲ್ಲುವುದಿಲ್ಲವೆಂದು ಬರೆಯುತ್ತಿದ್ದೇನೆ.

ನಮ್ಮ ಮಂದೆಯಲ್ಲಿ ಅವಳಿ ಅಪರೂಪವಾಗಿತ್ತು, ಹೆಚ್ಚಿನ ಕುರಿಗಳು ಯಾರ ಸಹಾಯವೂ ಇಲ್ಲದೆ ಬಯಲಿನಲ್ಲಿಯೇ ಈದು ಮರಿಯೊಡನೆ ಮನೆಗೆ ಬರುತ್ತಿದ್ದವು. ನೀವು ತಂದಿರುವ ನಾರಿ ಸುವರ್ಣದ ಲೆಕ್ಕ ಬೇರೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಸಂಸ್ಥೆಯವರು ಬಂಗಾಳದ ಸುಂದರಬನದ ಕಡೆಯ ಗರೋಲ್ ಕುರಿಯ ಅವಳಿ ಹಾಕುವ ಗುಣವನ್ನು ನಮ್ಮ ದಖ್ಖನಿ ಕುರಿಯ ದೊಡ್ಡ ಮೈಗೆ ತಂದು ಬೆಳೆಸಿದ ತಳಿ ಅದು. ಮರಿಯ ಆದಾಯ ಹೆಚ್ಚುವುದು ನಿಜ. ಆದರೆ ಎರಡು ಮರಿಗಳ ಎಂಟು ಕಾಲುಗಳು ಇಕ್ಕಟ್ಟಾದ ಬಾಗಿಲಿಗೆ ಒಟ್ಟಿಗೆ ಬರುವ ಸಂದರ್ಭವೂ ಅದರೊಡನೆಯೇ ಹೆಚ್ಚುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಕಿರುಬೆರಳಿನ ಅರ್ಧದಷ್ಟು ದಪ್ಪದ ಮೆತ್ತನೆಯ ಹತ್ತಿ ಹುರಿ ಮೂರು ತುಂಡು, ಬಿಸಿನೀರು, ಸಾಬೂನು, ಒಗೆದು ಒಣಗಿಸಿದ ಹಳೆಯ ಸೀರೆಯ ತುಂಡುಗಳು, ಪಶು ಔಷಧಿ ಅಂಗಡಿಯಲ್ಲಿ ಸಿಗುವ ಉದ್ದನೆಯ ಕೈಗವಸು ಮತ್ತು ಜಾರುವ ಜೆಲ್, ಟಿಂಚರ್ ಅಯೋಡಿನ್, ಒಂದು ಒಳ್ಳೆಯ ಟಾರ್ಚು. ಜೆಲ್ ಇಲ್ಲದಿದ್ದರೆ ಹೊಸದಾಗಿ ಮುಚ್ಚಳ ತೆರೆದ ಬಾಟಲಿಯ ಕೊಬ್ಬರಿ ಎಣ್ಣೆಯಾದೀತು. ಬರಿಯ ಸಾಬೂನನ್ನು ನೆಚ್ಚಬೇಡ, ಅದು ಒಳಗಿನ ಸಹಜವಾದ ಲೋಳೆಯನ್ನು ತೊಳೆದು ಮತ್ತಷ್ಟು ಒಣಗಿಸುತ್ತದೆ. ನೈಲಾನ್ ದಾರವಂತೂ ಬೇಡವೇ ಬೇಡ, ಮರಿಯ ಚರ್ಮವನ್ನು ಕೊಯ್ಯುತ್ತದೆ. ಹುರಿಗಳನ್ನು ಇಪ್ಪತ್ತು ನಿಮಿಷ ಕುದಿಸಿ ಶುಭ್ರವಾದ ಬಟ್ಟೆಯಲ್ಲಿ ಸುತ್ತಿಡು. ತಲೆಗೆ ಹಾಕುವ ಹುರಿಯ ತುದಿಗೆ ಎರಡು ಗಂಟು ಹಾಕಿಟ್ಟರೆ ಕತ್ತಲಲ್ಲಿಯೂ ಯಾವುದು ಯಾವುದೆಂದು ಗೊತ್ತಾಗುತ್ತದೆ. ಉಗುರು ಕತ್ತರಿಸಿ, ಬಳೆ ಉಂಗುರಗಳನ್ನು ತೆಗೆದು, ಮೊಣಕೈವರೆಗೆ ತೊಳೆದುಕೊಂಡ ಮೇಲೆಯೇ ಕೈಗವಸು ಹಾಕಿಕೊ. ಕೈ ಚಿಕ್ಕದಾಗಿರುವುದು ಈ ಕೆಲಸಕ್ಕೆ ದೊಡ್ಡ ಅನುಕೂಲ. ನಮ್ಮ ಮನೆಯಲ್ಲಿ ಮಂದೆ ಕಾಯುವವರು ಗಂಡಸರಾದರೂ, ಮರಿ ಅಡ್ಡಬಂದಾಗ ಅಡುಗೆಮನೆಯಿಂದ ಹೆಂಗಸರನ್ನೇ ಕೂಗಿ ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಕುರಿಗೆ ಗಬ್ಬದ ಕಾಲ ಸುಮಾರು 150 ದಿನ. ಕೆಚ್ಚಲು ಬಿಗಿದು, ಪಕ್ಕೆ ಕುಸಿದು, ಕುರಿ ಮಂದೆಯಿಂದ ಬೇರೆಯಾಗಿ ನೆಲ ಕೆರೆಯುತ್ತ ಮಲಗುವುದು ಏಳುವುದು ಮಾಡುತ್ತಿದ್ದರೆ ಹತ್ತಿರ ಹೋಗಬೇಡ, ದೂರದಿಂದ ನೋಡುತ್ತಿರು. ಈ ಹಂತ ಕೆಲವು ಗಂಟೆ ನಡೆಯಬಹುದು. ನೀರುಚೀಲ ಒಡೆದಾಗ ಮಾತ್ರ ಗಡಿಯಾರ ನೋಡಿಕೊ. ಅಲ್ಲಿಂದ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕುರಿ ಜೋರಾಗಿ ತಿಣುಕಿದರೂ ಏನೂ ಕಾಣಿಸದಿದ್ದರೆ, ಇಲ್ಲವೆ ತಲೆಯೊಂದೇ, ಕಾಲೊಂದೇ, ಬಾಲವೊಂದೇ ಕಾಣಿಸಿದರೆ, ಆಗ ಕೈ ಹಾಕುವ ಹೊತ್ತು. ಎರಡು ಮುಂಗಾಲಿನ ಗೊರಸು ಕೆಳಮುಖವಾಗಿ, ಅವುಗಳ ಮೇಲೆ ಮೂಗು ಕಾಣಿಸುತ್ತಿದ್ದರೆ ಎಲ್ಲವೂ ಸರಿಯಿದೆ, ಕುರಿಗೆ ಬಿಡು.

ಒಬ್ಬರು ಕುರಿಯನ್ನು ಪಕ್ಕಕ್ಕೆ ಮಲಗಿಸಿ ಹಿಡಿದುಕೊಳ್ಳಲಿ. ಹಿಂಭಾಗ ಸ್ವಲ್ಪ ಎತ್ತರದಲ್ಲಿದ್ದರೆ ಹೊಟ್ಟೆಯೊಳಗಿನ ಭಾರ ಮುಂದಕ್ಕೆ ಸರಿದು ನಿನ್ನ ಕೈಗೆ ಜಾಗ ಸಿಗುತ್ತದೆ. ಬೆರಳುಗಳನ್ನು ಒಟ್ಟುಗೂಡಿಸಿ ಮೊಗ್ಗಿನಂತೆ ಮಾಡಿಕೊಂಡು ನಿಧಾನವಾಗಿ ಒಳಗೆ ತೂರಿಸು, ಕುರಿ ತಿಣುಕುವಾಗ ಕೈಯನ್ನು ಅಲ್ಲಿಯೇ ನಿಲ್ಲಿಸು. ಮೊದಲು ಗೊತ್ತು ಮಾಡಿಕೊಳ್ಳಬೇಕಾದದ್ದು ಸಿಕ್ಕಿದ ಕಾಲು ಮುಂದಿನದೋ ಹಿಂದಿನದೋ ಎಂಬುದು. ಗೊರಸಿನಿಂದ ಮೇಲಕ್ಕೆ ಬೆರಳಾಡಿಸಿದಾಗ ಮೊದಲ ಎರಡು ಗೆಣ್ಣುಗಳೂ ಒಂದೇ ಕಡೆಗೆ ಮಡಚಿದರೆ ಅದು ಮುಂಗಾಲು. ಒಂದು ಈ ಕಡೆಗೂ ಮತ್ತೊಂದು ಆ ಕಡೆಗೂ ಮಡಚಿದರೆ ಹಿಂಗಾಲು. ಆಮೇಲೆ ಆ ಕಾಲನ್ನು ಬಿಡದೆ ಹೆಗಲಿನವರೆಗೆ ಹೋಗಿ, ಎದೆಯನ್ನು ದಾಟಿ, ಇನ್ನೊಂದು ಕಾಲಿಗೆ ಇಳಿದು, ಎರಡೂ ಒಂದೇ ಮರಿಯವೆಂದು ಖಚಿತ ಮಾಡಿಕೊ. ಅವಳಿಯಿದ್ದಾಗ ಒಂದರ ಕಾಲನ್ನೂ ಇನ್ನೊಂದರ ಕಾಲನ್ನೂ ಸೇರಿಸಿ ಎಳೆದರೆ ಮೂರು ಜೀವಗಳಿಗೂ ಅಪಾಯ.

ಹುರಿಯ ಉಪಯೋಗ ಇಲ್ಲಿಯೇ. ಸಿಕ್ಕಿದ ಕಾಲಿಗೆ ಗೊರಸಿನ ಮೇಲಿನ ಗೆಣ್ಣನ್ನು ದಾಟಿಸಿ ಕುಣಿಕೆ ಹಾಕಿದರೆ, ಮರಿಯನ್ನು ಎಷ್ಟು ಹಿಂದಕ್ಕೆ ತಳ್ಳಿದರೂ ಆ ಕಾಲು ಮತ್ತೆ ಕಳೆದುಹೋಗುವುದಿಲ್ಲ. ನನ್ನ ಎಣಿಕೆಯಲ್ಲಿ ಹುರಿಯ ಮುಖ್ಯವಾದ ಕೆಲಸ ಇಷ್ಟೇ. ತಲೆಯೂ ಒಂದು ಕಾಲೂ ಬಂದು ಇನ್ನೊಂದು ಕಾಲು ಹಿಂದೆ ಉಳಿದಿದ್ದರೆ, ಬಂದ ಕಾಲಿಗೆ ಹುರಿ ಕಟ್ಟಿ, ತಿಣುಕು ನಿಂತ ನಡುವೆ ಮರಿಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಉಳಿದ ಕಾಲಿನ ಮೊಣಕಾಲನ್ನು ಮಡಚಿಸಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮುಂದಕ್ಕೆ ತರಬೇಕು. ಅಂಗೈ ಮುಚ್ಚದಿದ್ದರೆ ಗೊರಸಿನ ತುದಿ ಗರ್ಭಕೋಶವನ್ನು ಹರಿಯಬಹುದು. ಕಾಲೆರಡೂ ಬಂದು ತಲೆ ಪಕ್ಕಕ್ಕೆ ತಿರುಗಿದ್ದರೆ ಕಷ್ಟ ಹೆಚ್ಚು: ಎರಡೂ ಕಾಲಿಗೆ ಹುರಿ ಹಾಕಿ, ಎದೆಯನ್ನು ತಳ್ಳಿ, ಎರಡು ಗಂಟಿನ ಹುರಿಯನ್ನು ಕಿವಿಗಳ ಹಿಂದಿನಿಂದ ತಂದು ಬಾಯಿಯೊಳಗೆ ಹಾಯಿಸಿ ತಲೆಯನ್ನು ನೇರ ಮಾಡಬೇಕು. ಆ ಹುರಿ ಕುತ್ತಿಗೆಯ ಸುತ್ತ ಬಿಗಿಯಬಾರದು. ಕೆಳದವಡೆ ಹಿಡಿದು ಎಳೆದರೆ ಅದು ಮುರಿಯುತ್ತದೆ.

ಬಾಲವೊಂದೇ ಸಿಕ್ಕಿದರೆ ಮರಿ ಹಿಂದುಮುಂದಾಗಿ ಕೂತಿದೆಯೆಂದು ತಿಳಿ. ಇಂಥ ಕುರಿ ಹೆಚ್ಚು ತಿಣುಕದೆ ಸುಮ್ಮನೆ ಮಂಕಾಗಿ ನಿಲ್ಲುವುದೂ ಉಂಟು, ಆದ್ದರಿಂದ ಗದ್ದಲ ಮಾಡದ ಕುರಿಯ ಮೇಲೆ ಒಂದು ಕಣ್ಣು ಹೆಚ್ಚಿಗೆ ಇರಲಿ. ಮರಿಯ ಹಿಂಭಾಗವನ್ನು ಒಳಕ್ಕೆ ತಳ್ಳಿ, ಹಿಂಗಾಲುಗಳನ್ನು ಒಂದೊಂದಾಗಿ, ಅದೇ ರೀತಿ ಗೊರಸು ಮುಚ್ಚಿ, ಹೊರಕ್ಕೆ ತರಬೇಕು. ಮರಿಯನ್ನು ಒಳಗೇ ತಿರುಗಿಸಿ ತಲೆ ಮುಂದೆ ಮಾಡುವ ಸಾಹಸ ಬೇಡ, ಹಿಂಗಾಲಿನಿಂದಲೇ ಹುಟ್ಟಲಿ. ಸೊಂಟ ಹೊರಬಿದ್ದ ಮೇಲೆ ಮಾತ್ರ ತಡೆಯಬಾರದು: ಹೊಕ್ಕುಳಬಳ್ಳಿ ಒಳಗೆ ಅದುಮಿಹೋಗಿ ಮರಿ ನೀರಿನಲ್ಲಿಯೇ ಉಸಿರೆಳೆಯುವ ಅಪಾಯವಿರುವುದರಿಂದ, ಒಂದೇ ಸಮನೆ ಎಳೆದು ಮುಗಿಸಬೇಕು.

ಉಳಿದ ಎಲ್ಲ ಸಂದರ್ಭಗಳಲ್ಲಿ, ಮರಿ ಸರಿಯಾದ ಮೇಲೆ, ಕುರಿ ತಿಣುಕಿದಾಗ ಮಾತ್ರ ಎಳೆ, ಅದು ನಿಲ್ಲಿಸಿದಾಗ ನೀನೂ ನಿಲ್ಲಿಸು. ಎಳೆತ ನೇರಕ್ಕಲ್ಲದೆ, ಕುರಿಯ ಹಿಂಗಾಲಿನ ಕಡೆಗೆ ಸ್ವಲ್ಪ ಕೆಳಮುಖವಾಗಿರಲಿ. ಒಬ್ಬರ ಕೈಬಲ ಸಾಲದೆ ಇಬ್ಬರು ಸೇರಬೇಕಾಯಿತೆಂದರೆ, ಒಳಗೆ ಏನೋ ಸರಿಯಾಗಿಲ್ಲವೆಂದೇ ಅರ್ಥ.

ಎಲ್ಲಿ ಬಿಡಬೇಕೆಂಬುದನ್ನೂ ತಿಳಿದಿರು. ಗರ್ಭಕೋಶದ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದೆ ಬಳೆಯಂತೆ ಗಟ್ಟಿಯಾಗಿದ್ದರೆ, ಅರ್ಧ ಗಂಟೆ ಪ್ರಯತ್ನಿಸಿದರೂ ಮರಿ ಸರಿಯಾಗದಿದ್ದರೆ, ಒಳಗಿನಿಂದ ಕೊಳೆತ ವಾಸನೆ ಬಂದರೆ, ಕೈ ತೆಗೆದು 1962ಕ್ಕೆ ಫೋನ್ ಮಾಡಿ ಪಶು ಸಂಜೀವಿನಿ ವಾಹನವನ್ನು ಕೇಳು, ಇಲ್ಲವೆ ಕುರಿಯನ್ನೇ ಆಸ್ಪತ್ರೆಗೆ ಸಾಗಿಸು; ಕುರಿಗೂ ಹೊಟ್ಟೆ ಕೊಯ್ದು ಮರಿ ತೆಗೆಯುತ್ತಾರೆ. ಅಂಗಡಿಯವರು ಹೇಳಿದರೆಂದು ನೋವು ಬರಿಸುವ ಇಂಜೆಕ್ಷನ್ ಕೊಡಿಸಬೇಡ. ಬಾಯಿ ತೆರೆಯದಿರುವಾಗ, ಇಲ್ಲವೆ ಮರಿ ಅಡ್ಡವಿರುವಾಗ, ಅದರಿಂದ ಗರ್ಭಕೋಶವೇ ಹರಿಯಬಹುದು. ಕೈ ಹಾಕಿದ ಪ್ರತಿಯೊಂದು ಕುರಿಗೂ ಮರುದಿನ ವೈದ್ಯರನ್ನು ಕೇಳಿ ನಂಜು ಆಗದಂತೆ ಔಷಧಿ ಕೊಡಿಸು.

ಮರಿ ಬಿದ್ದೊಡನೆ ಮೂಗು ಬಾಯಿಗಳ ಲೋಳೆ ತೆಗೆದು, ಒರಟು ಗೋಣಿಯಿಂದ ಪಕ್ಕೆಗಳನ್ನು ತಿಕ್ಕು. ಉಸಿರಾಡದಿದ್ದರೆ ಹುಲ್ಲುಕಡ್ಡಿಯನ್ನು ಮೂಗಿನಲ್ಲಿ ಆಡಿಸು, ಸೀನಿದರೆ ಗೆದ್ದೆ. ಬೇಗ ತಾಯಿಯ ಮೂತಿಯ ಮುಂದಿಡು, ನೆಕ್ಕಲು ಬಿಡದೆ ನೀನೇ ಪೂರ್ತಿ ಒರೆಸಿಬಿಟ್ಟರೆ ಕೆಲವು ಕುರಿಗಳು ಮರಿಯನ್ನು ಸೇರಿಸುವುದಿಲ್ಲ. ಹೊಕ್ಕುಳನ್ನು ಅಯೋಡಿನ್ ತುಂಬಿದ ಸಣ್ಣ ಮುಚ್ಚಳದಲ್ಲಿ ಅದ್ದು. ಇನ್ನೊಂದು ಮರಿ ಒಳಗಿದೆಯೇ ಎಂದು ಕೆಚ್ಚಲಿನ ಮುಂದೆ ಹೊಟ್ಟೆಯನ್ನು ಎರಡು ಕೈಗಳಿಂದ ಎತ್ತಿ ನೋಡು. ಮೊಲೆಯ ತುದಿಯ ಮೇಣದಂಥ ಬಿರಡೆಯನ್ನು ಹಿಂಡಿ ತೆಗೆದು, ಮೊದಲ ಒಂದೆರಡು ಗಂಟೆಗಳಲ್ಲಿಯೇ ಗಿಣ್ಣುಹಾಲು ಕುಡಿಸು. ಕೆ.ಜಿ. ತೂಕಕ್ಕೆ ಒಂದು ಸಲಕ್ಕೆ 50 ಮಿ.ಲೀ. ಲೆಕ್ಕ, ಎರಡು ಕೆ.ಜಿ. ಮರಿಗೆ 100 ಮಿ.ಲೀ. ಬೇಕು. ಬಾಯಿಯೊಳಗೆ ಬೆರಳಿಟ್ಟಾಗ ತಣ್ಣಗಿದ್ದು, ಚೀಪುವ ಪ್ರಯತ್ನವೇ ಇಲ್ಲದ ಮರಿಗೆ ಹಾಲು ಸುರಿಯಬೇಡ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಮೈ ಬೆಚ್ಚಗೆ ಮಾಡು.

ಕಸ, ಅಂದರೆ ಮಾಸು, ಸಾಧಾರಣವಾಗಿ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರಿಗೆ ತಿಳಿಸು. ಜೋತಾಡುತ್ತಿದೆಯೆಂದು ಎಳೆಯಲು ಹೋಗಬೇಡ. ಬಿದ್ದ ಕಸವನ್ನು ನಾಯಿ ಮುಟ್ಟದಂತೆ ಸುಣ್ಣ ಹಾಕಿ ಆಳವಾಗಿ ಹೂಳಿಸು.

ನಿನ್ನ ನಾದಿನಿ ಬಸುರಿಯೆಂದು ಹೇಳಿದೆ. ಕುರಿ ಈಯುವ ದಿನಗಳಲ್ಲಿ ಅವಳು ರೊಪ್ಪದ ಕಡೆ ಸುಳಿಯಬಾರದು, ಕೈ ಹಾಕಿದವರ ಬಟ್ಟೆಯನ್ನೂ ಒಗೆಯಬಾರದು. ಕಂದುಹಾಕಿದ, ಅಂದರೆ ದಿನ ತುಂಬುವ ಮೊದಲೇ ಮರಿ ಹಾಕಿದ, ಕುರಿಯಿಂದ ಬ್ರೂಸೆಲ್ಲಾದಂಥ ಕಾಯಿಲೆಗಳು ಮನುಷ್ಯರಿಗೂ ಅಂಟುತ್ತವೆ, ಅವುಗಳಲ್ಲಿ ಕೆಲವು ಹೊಟ್ಟೆಯಲ್ಲಿರುವ ಮಗುವಿಗೆ ಕೇಡು. ನಿನ್ನ ಅತ್ತೆಯವರು ಇದನ್ನು ಮೈಲಿಗೆಯ ಮಾತೆಂದು ಭಾವಿಸಿ ನಕ್ಕರೆ, ವೈದ್ಯರ ಬಾಯಿಂದಲೇ ಒಮ್ಮೆ ಹೇಳಿಸು.

ಹುರಿಗಳನ್ನು ಇಲ್ಲಿಯೇ ಹೊಸೆದಿಟ್ಟಿದ್ದೇನೆ. ಅಳಿಯಂದಿರು ಸಂತೆಗೆ ಬಂದಾಗ ಮನೆಗೆ ಬಂದು ಊಟ ಮಾಡಿಕೊಂಡು ತೆಗೆದುಕೊಂಡು ಹೋಗಲಿ. ನಿನ್ನ ಅತ್ತೆ ಮಾವಂದಿರಿಗೆ ನಮ್ಮ ನಮಸ್ಕಾರಗಳನ್ನು ತಿಳಿಸು.

ಇಂತಿ,
ನಿನ್ನ ಅಮ್ಮ