ಕರೆ ಹೋಗದ ತಪ್ಪಿಗೆ ಹೊಸ ಮೊಬೈಲಿನ ದಂಡ ಏಕೆ?

ಮಾನ್ಯರೇ,

ಕರಾವಳಿಯಲ್ಲಿ ಮೊಬೈಲ್ ಕರೆಗಳು ಸಿಗುತ್ತಿಲ್ಲವೆಂದು ಈ ಅಂಕಣದಲ್ಲಿ ಈಚೆಗೆ ಬಂದ ಪತ್ರಗಳನ್ನೆಲ್ಲ ಓದಿದ್ದೇನೆ. ಎಲ್ಲರೂ ಟವರಿನ ಕಡೆಗೇ ಬೆರಳು ತೋರಿಸಿದ್ದಾರೆ. ನಾನು ಬೈಂದೂರಿನಲ್ಲಿ ಮೊಬೈಲ್ ದುರಸ್ತಿ ಅಂಗಡಿ ಇಟ್ಟುಕೊಂಡವನು. ‘ಕರೆ ಹೋಗುತ್ತಿಲ್ಲ’ ಎಂದು ನನ್ನ ಮೇಜಿಗೆ ಬರುವ ಮೊಬೈಲ್‌ಗಳಲ್ಲಿ ಬಹುಪಾಲು ಕೆಟ್ಟಿರುವುದೂ ಇಲ್ಲ, ಟವರಿನ ತಪ್ಪೂ ಇರುವುದಿಲ್ಲ. ಆದರೂ ಜನ ಸಾಲ ಮಾಡಿ ಹೊಸ ಮೊಬೈಲ್ ಕೊಳ್ಳುತ್ತಿದ್ದಾರೆ. ಅದನ್ನು ನೋಡಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಈ ಮಳೆಗಾಲದಲ್ಲಿ ಉಪ್ಪುಂದ ಕಡೆಯಿಂದ ಮೀನು ಮಾರುವ ಹೆಂಗಸೊಬ್ಬರು ಬಂದಿದ್ದರು. ವಿಡಿಯೊ ಓಡುತ್ತದೆ, ವಾಟ್ಸ್ಆ್ಯಪ್ ಸಂದೇಶ ಬರುತ್ತದೆ, ಕರೆ ಒತ್ತಿದರೆ ಮಾತ್ರ ಒಂದು ಕ್ಷಣದಲ್ಲಿ ಕಡಿಯುತ್ತದೆ. ಬೇರೊಂದು ಅಂಗಡಿಯಲ್ಲಿ ‘ಬೋರ್ಡ್ ಹೋಗಿದೆ’ ಎಂದಿದ್ದರಂತೆ. ಅಷ್ಟಕ್ಕೇ ಬಿಡದೆ, ನೋಡೋಣವೆಂದು ಮೊಬೈಲನ್ನು ಪೂರ್ತಿ ರೀಸೆಟ್ ಮಾಡಿ ಅದರಲ್ಲಿದ್ದ ಫೋಟೊಗಳನ್ನೆಲ್ಲ ಅಳಿಸಿಹಾಕಿದ್ದರು. ತೀರಿಕೊಂಡ ಗಂಡನ ಫೋಟೊಗಳೂ ಅದರಲ್ಲೇ ಇದ್ದವು. ಆಕೆಯ ಮೊಬೈಲಿಗೆ ಬೇಕಾಗಿದ್ದದ್ದು ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ಪುಟಕ್ಕೆ ಹೋಗಿ ‘ವೋಲ್ಟೆ’ (VoLTE, 4ಜಿ ಜಾಲದಲ್ಲೇ ಮಾತು ಸಾಗಿಸುವ ವ್ಯವಸ್ಥೆ) ಎಂಬ ಗುಂಡಿಯನ್ನು ಆನ್ ಮಾಡುವುದು, ಅಷ್ಟೇ. ಕರೆ ಹೋಯಿತು. ಫೋಟೊಗಳು ಮಾತ್ರ ಮರಳಲಿಲ್ಲ.

ಇಂಟರ್‌ನೆಟ್ ಇದ್ದೂ ಕರೆ ಹೋಗದಿರುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. 4ಜಿ ಜಾಲವನ್ನು ಕಟ್ಟಿದ್ದು ಡೇಟಾ ಸಾಗಿಸಲು. ಅದರಲ್ಲಿ ಮಾತೂ ಹೋಗಬೇಕಾದರೆ ಮೊಬೈಲಿನಲ್ಲಿ ವೋಲ್ಟೆ ಚಾಲೂ ಇರಬೇಕು, ಆ ಮಾದರಿಯ ಮೊಬೈಲನ್ನು ಕಂಪನಿಯ ಜಾಲವೂ ಒಪ್ಪಬೇಕು. ಇಲ್ಲದಿದ್ದರೆ ಕರೆಯ ಹೊತ್ತಿಗೆ ಮೊಬೈಲ್ 4ಜಿ ಬಿಟ್ಟು 3ಜಿಗೋ 2ಜಿಗೋ ಇಳಿಯುತ್ತದೆ. 2016ರಲ್ಲಿ ಆರಂಭವಾದ ಜಿಯೊ ಜಾಲದಲ್ಲಿ ಆ ಎರಡೂ ಇಲ್ಲ, ಹಾಗಾಗಿ ಇಳಿಯಲು ಮೆಟ್ಟಿಲೇ ಇಲ್ಲ. ಏರ್‌ಟೆಲ್ 2020ರಲ್ಲಿ 3ಜಿ ಮುಚ್ಚಿ 2ಜಿ ಉಳಿಸಿಕೊಂಡಿತು. ಮೊದಲು ಸರಿಯಾಗಿದ್ದ ಮೊಬೈಲ್ ಸಿಮ್ ಬದಲಿಸಿದ ಮೇಲೆ ಮೂಕವಾಯಿತು ಎಂದು ಬರುವವರ ಕಥೆ ಹೆಚ್ಚಾಗಿ ಇದೇ. ಪರೀಕ್ಷಿಸುವುದೂ ಸುಲಭ. ಕರೆ ಒತ್ತಿ ಪರದೆಯ ಮೇಲಂಚನ್ನು ನೋಡಿ. 4ಜಿ ಗುರುತು ಹಾಗೆಯೇ ನಿಂತರೆ ವೋಲ್ಟೆ ಕೆಲಸ ಮಾಡುತ್ತಿದೆ. ಅದು 2ಜಿಯ ‘ಇ’ (E) ಅಥವಾ 3ಜಿಯ ‘ಎಚ್’ (H) ಗುರುತಾದರೆ, ಇಲ್ಲವೇ ಗುರುತೇ ಮಾಯವಾಗಿ ಕರೆ ಕಡಿದರೆ, ಮೊದಲು ನೋಡಬೇಕಾದದ್ದು ಆ ಗುಂಡಿಯನ್ನೇ.

ಭಟ್ಕಳ, ಶಿರೂರು, ಗಂಗೊಳ್ಳಿ ಕಡೆಯ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಮೊಬೈಲ್ ಬರುತ್ತದೆ. ಬೆಲೆಬಾಳುವ ಮೊಬೈಲೇ, ಮಗ ಬೆವರು ಸುರಿಸಿ ಕಳಿಸಿದ್ದು. ಆದರೆ ಕೆಲವು ಮಾದರಿಗಳ ತಂತ್ರಾಂಶದಲ್ಲಿ ಇಲ್ಲಿನ ಕಂಪನಿಗಳ ವೋಲ್ಟೆಗೆ ಬೇಕಾದ ಹೊಂದಾಣಿಕೆ ಇರುವುದಿಲ್ಲ. ಅಂಥ ಮೊಬೈಲನ್ನು ಬಿಚ್ಚಿ ಬೆಸುಗೆ ಹಾಕಿದರೆ ಸರಿಹೋಗುವುದಿಲ್ಲ, ಹಾಗೆಂದು ಹಣ ಕೇಳುವವರನ್ನು ನಂಬಬೇಡಿ. ಕೊಳ್ಳುವ ಮುನ್ನವೇ ಅದರ ಮಾದರಿ ಸಂಖ್ಯೆಯೂ ಭಾರತದಲ್ಲಿ ಮಾರುವ ಮೊಬೈಲಿನ ಮಾದರಿ ಸಂಖ್ಯೆಯೂ ಒಂದೇ ಹೌದೋ ಎಂದು ನೋಡಲು ಮಕ್ಕಳಿಗೆ ಹೇಳಿ. ಇನ್ನೊಂದು ವಿಷಯ. ದುಬೈ, ಅಬುಧಾಬಿಯಲ್ಲಿರುವ ಮಗನಿಗೆ ವಾಟ್ಸ್ಆ್ಯಪ್ ಕರೆ ಹೋಗುತ್ತಿಲ್ಲ ಎಂದು ತಾಯಂದಿರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಯುಎಇಯಲ್ಲಿ ವಾಟ್ಸ್ಆ್ಯಪ್ ಧ್ವನಿ ಕರೆಗೆ ತಡೆಯಿದೆ. ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳಿಂದಲೇ ಮಾತಾಡಬೇಕು. ಇಲ್ಲಿನ ಮೊಬೈಲಿನಲ್ಲಿ ಏನೂ ದೋಷವಿಲ್ಲ.

ಕರೆ ಎಲ್ಲಿ ನಿಲ್ಲುತ್ತಿದೆ ಎಂದು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನಿಮ್ಮ ಸಿಮ್ಮನ್ನು ಮನೆಯವರ ಮೊಬೈಲಿಗೆ ಹಾಕಿ ಅದೇ ಜಾಗದಲ್ಲಿ ನಿಂತು ಕರೆ ಮಾಡಿ. ಹೋದರೆ ಸಿಮ್ಮೂ ಟವರೂ ಸರಿ, ನಿಮ್ಮ ಮೊಬೈಲಿನ ಸೆಟ್ಟಿಂಗ್ ನೋಡಬೇಕು. ಅಲ್ಲಿಯೂ ಹೋಗದಿದ್ದರೆ ಅದೇ ಕಂಪನಿಯ ಬೇರೆ ಸಿಮ್‌ನಿಂದ ಪ್ರಯತ್ನಿಸಿ. ಅದರಿಂದ ಹೋದರೆ ನಿಮ್ಮ ಸಿಮ್ ಇಲ್ಲವೇ ರೀಚಾರ್ಜ್ ನೋಡಿ, ಅದರಿಂದಲೂ ಹೋಗದಿದ್ದರೆ ತಪ್ಪು ಜಾಲದ್ದು. ಏರೋಪ್ಲೇನ್ ಮೋಡ್ ಆನ್ ಮಾಡಿ ಆಫ್ ಮಾಡಿದರೆ ಮೊಬೈಲ್ ಟವರಿಗೆ ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ, ಎಷ್ಟೋ ಸಲ ಅಷ್ಟೇ ಸಾಕು. ಅದೂ ಆಗದಿದ್ದರೆ ‘ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್’ ಇದೆ. ಅದರಿಂದ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಫೋಟೊ ಹೋಗುವುದಿಲ್ಲ. ‘ಫ್ಯಾಕ್ಟರಿ ರೀಸೆಟ್’ ಬೇರೆ, ಅದು ಎಲ್ಲವನ್ನೂ ಅಳಿಸುತ್ತದೆ. ಯಾರಾದರೂ ನಿಮ್ಮ ಮೊಬೈಲಿಗೆ ರೀಸೆಟ್ ಮಾಡುತ್ತೇನೆ ಎಂದರೆ ಯಾವುದು ಎಂದು ಕೇಳಿಯೇ ಕೊಡಿ.

ಕರೆ ಹೋಗುತ್ತದೆ, ನಮ್ಮ ಧ್ವನಿ ಮಾತ್ರ ಆ ಕಡೆ ಕೇಳುವುದಿಲ್ಲ ಎಂಬ ದೂರು ದೋಣಿಗೆ ಹೋಗುವವರಿಂದ ಹೆಚ್ಚು ಬರುತ್ತದೆ. ಮೈಕ್ ಇರುವುದು ಚಾರ್ಜಿಂಗ್ ರಂಧ್ರದ ಪಕ್ಕದ ಸಣ್ಣ ತೂತಿನೊಳಗೆ. ಉಪ್ಪುಗಾಳಿ, ಬೆವರು, ಜೇಬಿನ ನೂಲು ಸೇರಿ ಅಲ್ಲಿ ಕಂದು ಬಣ್ಣದ ಪದರ ಕಟ್ಟುತ್ತದೆ. ಸ್ಪೀಕರ್ ಹಾಕಿದಾಗ ಬಹಳಷ್ಟು ಮೊಬೈಲ್‌ಗಳು ಮೇಲ್ಭಾಗದ ಇನ್ನೊಂದು ಮೈಕ್ ಬಳಸುತ್ತವೆ. ಸ್ಪೀಕರಿನಲ್ಲಿ ಮಾತು ಕೇಳಿ, ಕಿವಿಗಿಟ್ಟಾಗ ಕೇಳದಿದ್ದರೆ ಕೆಳಗಿನ ಮೈಕ್ ಕಟ್ಟಿದೆ ಎಂದೇ ತಿಳಿಯಿರಿ. ಸೂಜಿ, ಪಿನ್ ಹಾಕಿ ಕೆರೆಯಬೇಡಿ, ಒಳಗಿನ ತೆಳು ಪೊರೆ ಹರಿದರೆ ಮೈಕನ್ನೇ ಬದಲಿಸಬೇಕು. ಮೃದುವಾದ ಒಣ ಬ್ರಶ್ ಸಾಕು.

ಕರೆ ಬರುವುದೇ ಇಲ್ಲ ಎನ್ನುವವರು ಎರಡು ವಿಷಯ ಗಮನಿಸಬೇಕು. ಒಂದು, ‘ಅಪರಿಚಿತ ಸಂಖ್ಯೆಗಳನ್ನು ತಡೆ’ ಎಂಬ ಆಯ್ಕೆ. ಸ್ಪ್ಯಾಮ್ ಕಾಟಕ್ಕೆ ಮಕ್ಕಳು ಹಾಕಿಕೊಟ್ಟಿರುತ್ತಾರೆ, ಆಸ್ಪತ್ರೆಯಿಂದ ಬರುವ ಕರೆಯೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಭಯಪಡಲೇಬೇಕಾದದ್ದು. ಕೊರಿಯರ್‌ನವರೆಂದೋ ಕಂಪನಿಯವರೆಂದೋ ಹೇಳಿ ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಯೊಂದನ್ನು ಒತ್ತಿಸುತ್ತಾರೆ. ಅದರೊಂದಿಗೆ ನಿಮ್ಮ ಕರೆಗಳೆಲ್ಲ ವಂಚಕನ ಮೊಬೈಲಿಗೆ ತಿರುಗುತ್ತವೆ, ಬ್ಯಾಂಕಿನ ಒಟಿಪಿ ಕರೆಯೂ ಸೇರಿ. ಈ ಹಾವಳಿ ಮಿತಿಮೀರಿದ್ದರಿಂದಲೇ *401# ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ತಡೆಹಿಡಿಯುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತು. ಅನುಮಾನವಿದ್ದರೆ *#21# ಒತ್ತಿ ನೋಡಿ. ##002# ಒತ್ತಿದರೆ ಎಲ್ಲ ತಿರುವುಗಳೂ ರದ್ದಾಗುತ್ತವೆ.

ಹಾಗೆಂದು ಟವರಿನ ದೂರು ಸುಳ್ಳಲ್ಲ. ಕೊಲ್ಲೂರು, ಜಡ್ಕಲ್, ಮುದೂರು ಕಡೆ ಗುಡ್ಡ ಅಡ್ಡ ಬಂದು ಸಂಕೇತ ಸಿಗದ ಮನೆಗಳಿವೆ. ಗಾಳಿಮಳೆಗೆ ವಿದ್ಯುತ್ ಹೋಗಿ, ಬ್ಯಾಟರಿ ಮುಗಿದರೆ ಇದ್ದ ಟವರೂ ನಿಲ್ಲುತ್ತದೆ. ಅಂಥವರು ಅಂಗಡಿಗಳಿಗೆ ಅಲೆಯದೆ ತಮ್ಮ ಸಿಮ್ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆದುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಿನ ಸಂಖ್ಯೆ ಇಲ್ಲದೆ ಯಾರೂ ಕಿವಿಗೊಡುವುದಿಲ್ಲ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರು ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ ಟವರಿನ ಹಂಗಿಲ್ಲದೆ ಸಾಮಾನ್ಯ ಕರೆಯನ್ನೇ ಮಾಡಬಹುದು.

ಕಂಪನಿಗಳಿಗೆ ನನ್ನದೊಂದು ನೇರ ಪ್ರಶ್ನೆಯಿದೆ. ಯಾವ ಮೊಬೈಲ್ ತಮ್ಮ 4ಜಿಗೆ ಸೇರಿಯೂ ವೋಲ್ಟೆಗೆ ನೋಂದಣಿಯಾಗಿಲ್ಲ ಎಂಬುದು ಅವರ ಜಾಲಕ್ಕೆ ಗೊತ್ತಿರುತ್ತದೆ. ರೀಚಾರ್ಜ್ ಮುಗಿಯುತ್ತಿದೆ ಎಂದು ದಿನವೂ ಸಂದೇಶ ಕಳಿಸುವವರು, ‘ನಿಮ್ಮ ಮೊಬೈಲಿನಲ್ಲಿ ಈ ಗುಂಡಿ ಆಫ್ ಆಗಿದೆ, ಆನ್ ಮಾಡದಿದ್ದರೆ ಕರೆ ಹೋಗದು’ ಎಂದು ಕನ್ನಡದಲ್ಲಿ ಒಂದು ಸಂದೇಶವನ್ನೇಕೆ ಕಳಿಸುವುದಿಲ್ಲ? ಹಳೆಯ ಜಾಲ ಮುಚ್ಚುವಾಗ ಯಾವ ಮೊಬೈಲ್‌ಗಳಿಂದ ಇನ್ನು ಕರೆ ಹೋಗುವುದಿಲ್ಲ ಎಂದು ಗ್ರಾಹಕರಿಗೆ ಮೊದಲೇ ಏಕೆ ತಿಳಿಸುವುದಿಲ್ಲ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಎರಡನ್ನೂ ಕಡ್ಡಾಯ ಮಾಡಬೇಕು. ನಮ್ಮ ಸಂಸದರು ಇದನ್ನು ದೂರಸಂಪರ್ಕ ಸಚಿವರ ಮುಂದೆ ಇಡಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

– ಮೊಬೈಲ್ ದುರಸ್ತಿಗಾರ, ಬೈಂದೂರು