ಯಾವ ಕಾಡಿನ ಮರ?

ಪ್ರೀತಿಯ ಪುಟ್ಟಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಪೋರ್ಟ್‌ಲ್ಯಾಂಡ್ ವಿಮಾನ ನಿಲ್ದಾಣದ ಮರದ ಚಾವಣಿಯನ್ನು ತರಗತಿಯಲ್ಲಿ ತೋರಿಸಿದಾಗ ಎಲ್ಲರೂ ಬೆರಗಾದರೂ ನಿನಗೆ ಸಮಾಧಾನವಾಗಲಿಲ್ಲ ಎಂದು ಬರೆದಿದ್ದೀಯೆ. ಅಷ್ಟು ಮರ ಕಡಿದು ಅದನ್ನು ಪರಿಸರಸ್ನೇಹಿ ಎನ್ನುವುದು ಹೇಗಪ್ಪಾ ಎಂದು ಕೇಳಿದ್ದೀಯೆ. ಮೂವತ್ತು ವರ್ಷ ಮರಗೆಲಸ ಮಾಡಿದವನ ಮಗಳು ಕೇಳಲೇಬೇಕಾದ ಪ್ರಶ್ನೆ.

ಮೊದಲು ಕೆಲಸದ ವಿಷಯ ಹೇಳುತ್ತೇನೆ. ಅಮೆರಿಕದ ಆರೆಗಾನ್ ರಾಜ್ಯದ ಆ ನಿಲ್ದಾಣದ ವಿಸ್ತರಿಸಿದ ಟರ್ಮಿನಲ್ 2024ರ ಆಗಸ್ಟ್‌ನಲ್ಲಿ ತೆರೆಯಿತು. 9 ಎಕರೆ ಹರವಿನ ಚಾವಣಿ, ಅದನ್ನು ಹೊರುವ ವೈ ಆಕಾರದ 34 ಉಕ್ಕಿನ ಕಂಬಗಳು. ವಿಮಾನಗಳ ಓಡಾಟ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಚಾವಣಿಯನ್ನು ನಿಲ್ದಾಣದ ಬಯಲಿನಲ್ಲೇ ಜೋಡಿಸಿ, ದೊಡ್ಡ ದೊಡ್ಡ ಭಾಗಗಳಾಗಿ ಬಿಡಿಸಿ, ರಾತ್ರಿ ಹೊತ್ತು ಸಾಗಿಸಿ ಮೇಲೇರಿಸಿದರು.

ಅಲ್ಲಿನ ತೊಲೆಗಳು ಡಗ್ಲಸ್ ಫರ್ ಮರದವು. ಆದರೆ ಒಂದು ತೊಲೆಗೆ ಒಂದು ಹೆಮ್ಮರ ಎಂಬ ಲೆಕ್ಕ ಅಲ್ಲಿಲ್ಲ. ತೆಳು ಹಲಗೆಗಳನ್ನು ನಾರು ಒಂದೇ ದಿಕ್ಕಿಗಿರುವಂತೆ ಪೇರಿಸಿ, ಅಂಟು ಹಾಕಿ ಒತ್ತುತ್ತಾರೆ. ಗ್ಲೂಲ್ಯಾಮ್ ಎಂದರೆ ಇದೇ. ನಾನಾದರೆ ಕೆಟ್ಟ ಗಂಟು ಕಂಡರೆ ದಿಮ್ಮಿಯನ್ನೇ ಬದಿಗಿಡುತ್ತಿದ್ದೆ. ಇಲ್ಲಿ ಗಂಟಿರುವಷ್ಟನ್ನು ಮಾತ್ರ ಕತ್ತರಿಸಿ ತೆಗೆದು, ಉಳಿದ ತುಂಡುಗಳ ತುದಿಗೆ ಹಲ್ಲು ಕೊರೆದು, ಎರಡು ಕೈಗಳ ಬೆರಳು ಹೆಣೆದ ಹಾಗೆ ಕೂಡಿಸುತ್ತಾರೆ. ಸಣ್ಣ, ಮಧ್ಯಮ ಗಾತ್ರದ ಮರಗಳೂ ಭಾರಿ ತೊಲೆಯಾಗುವುದು ಹೀಗೆ. ಬೆಂಕಿಯ ಭಯವನ್ನೂ ಬರೆದಿದ್ದೀಯೆ. ದಪ್ಪ ತೊಲೆ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್‌ನಷ್ಟು ಮಾತ್ರ ಇದ್ದಿಲಾಗುತ್ತಾ ಹೋಗುತ್ತದೆ. ಆ ಇದ್ದಿಲಿನ ಪದರವೇ ಒಳಗಿನ ಮರವನ್ನು ಕಾಯುತ್ತದೆ.

ಇನ್ನು ನಿನ್ನ ಪ್ರಶ್ನೆ. ಅದಕ್ಕೆ ಮೊದಲು, ನಿನಗೆ ಇದುವರೆಗೆ ಹೇಳದ ಒಂದು ಸಂಗತಿ ಹೇಳಬೇಕು. ನೀನು ಹುಟ್ಟುವುದಕ್ಕೆ ಹಿಂದಿನ ವರ್ಷ ಒಂದು ಲಾರಿ ತೇಗದ ನಾಟಾ ಅಗ್ಗಕ್ಕೆ ಸಿಕ್ಕಿತು. ಅನುಮತಿ ಪಡೆದು ಕಡಿದ ಮರವೆಂದು ತೋರಿಸಲು ದಿಮ್ಮಿಯ ಕೊಯ್ದ ಮುಖದ ಮೇಲೆ ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ ಇರಬೇಕು. ಆ ಜಾಗದಲ್ಲಿ ಕೊಡಲಿಯ ಹಸಿ ಏಟುಗಳಿದ್ದವು, ಚಕ್ಕೆ ಎದ್ದಿತ್ತು. ಬೆರಳಾಡಿಸಿ ನೋಡಿದೆ. ಯಾರನ್ನೂ ಏನೂ ಕೇಳಲಿಲ್ಲ. ಅದರಿಂದ ಮಾಡಿದ ಬಾಗಿಲುಗಳು ಈಗಲೂ ಗಟ್ಟಿಯಾಗಿಯೇ ಇವೆ. ಆ ಮರ ಬೆಳೆದ ಕಾಡು ಏನಾಯಿತೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಪೋರ್ಟ್‌ಲ್ಯಾಂಡ್‌ನಲ್ಲಿ ಕಟ್ಟಡ ವಿನ್ಯಾಸ ಮಾಡಿದ ಝಡ್‌ಜಿಎಫ್ ಸಂಸ್ಥೆಯವರೂ ನಿಲ್ದಾಣದವರೂ ನಾನು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಕೇಳಿದರು. ಚಾವಣಿಯ ಮರವೆಲ್ಲ 300 ಮೈಲಿ, ಅಂದರೆ ಸುಮಾರು 480 ಕಿಲೋಮೀಟರ್ ಒಳಗಿನದು. ಒಂದಷ್ಟು ಸಣ್ಣ ಕುಟುಂಬಗಳ ಕಾಡಿನಿಂದ ಬಂತು, ಒಂದಷ್ಟು ಕೊಕ್ವೆಲ್‌ನಂಥ ಮೂಲನಿವಾಸಿ ಬುಡಕಟ್ಟುಗಳ ಕಾಡಿನಿಂದ. ಇದು ಎಷ್ಟು ಕಷ್ಟವೆಂದು ಸಾಮಿಲ್ಲಿನಲ್ಲಿ ನಿಂತವರಿಗೇ ಗೊತ್ತು. ಹತ್ತು ಕಡೆಯ ದಿಮ್ಮಿ ಒಂದೇ ರಾಶಿಗೆ ಬೀಳುತ್ತದೆ. ಗರಗಸ ದಾಟಿದ ಮೇಲೆ ಯಾವ ಹಲಗೆ ಎಲ್ಲಿಯದೆಂದು ಮರವನ್ನು ನೋಡಿ ಹೇಳಲು ಯಾರಿಂದಲೂ ಆಗದು. ಗುರುತು ಉಳಿಯಬೇಕಾದರೆ ರಾಶಿ ಬೇರೆ ಇಡಬೇಕು, ಬೇರೆಯಾಗಿ ಕೊಯ್ಯಬೇಕು, ಬೇರೆಯಾಗಿ ಒಣಗಿಸಬೇಕು, ಪ್ರತಿ ಹಂತದಲ್ಲೂ ಬರೆದಿಡಬೇಕು. ಅಷ್ಟು ಮಾಡಿಯೂ ಒಂದು ಪಾಲು ಮರದ ಜಾಡನ್ನು ಮಾತ್ರ ಅದು ಹುಟ್ಟಿದ ಕಾಡಿನವರೆಗೆ ಹಿಡಿಯಲು ಸಾಧ್ಯವಾಯಿತು. ಆ ಒಂದು ಪಾಲನ್ನೂ ನಾನು ದೊಡ್ಡದೆಂದೇ ಎಣಿಸುತ್ತೇನೆ.

ನಿನ್ನ ಅನುಮಾನ ತಪ್ಪಲ್ಲ. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಚಾವಣಿ ನಿಂತಿರುವಷ್ಟು ಕಾಲ ಅದು ಅಲ್ಲೇ ಇರುತ್ತದೆ. ಆದರೆ ಕಡಿದ ಜಾಗದಲ್ಲಿ ಕಾಡು ಮತ್ತೆ ಏಳದಿದ್ದರೆ ಆ ಲೆಕ್ಕ ಉಪಯೋಗಕ್ಕೆ ಬಾರದು. ಆ ಚಾವಣಿಯ ಹೊರಗೆ ವಿಮಾನಗಳು ಇಂಧನ ಸುಡುವುದನ್ನೂ ಯಾವ ಮರವೂ ತಡೆಯುವುದಿಲ್ಲ. ಇದನ್ನು ತರಗತಿಯಲ್ಲಿ ಎದ್ದು ನಿಂತು ಹೇಳು.

ನಿನ್ನ ಪ್ರಾಜೆಕ್ಟ್‌ನ ನಕ್ಷೆಯಲ್ಲಿ ತೊಲೆಗಳ ಅಳತೆ, ಜಾತಿ ಎರಡನ್ನೂ ಬರೆದಿದ್ದೀಯೆ. ಪಕ್ಕದಲ್ಲಿ ಇನ್ನೊಂದು ಖಾನೆ ಎಳೆದು, ಮರ ಯಾವ ಕಾಡಿನದೆಂದು ತುಂಬು. ರಜೆಗೆ ಬರುವಾಗ ನಕ್ಷೆಯನ್ನು ಮರೆಯದೆ ತಾ. ಮೂರನೆಯ ಸಾಲಿನ ತೊಲೆ ಕಂಬಕ್ಕೆ ಕೂಡುವ ಕಡೆ ನೀರು ನಿಲ್ಲುವ ಹಾಗೆ ಕಾಣುತ್ತದೆ. ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ಅಪ್ಪ