ಹಳೆಯ ಪ್ರೆಸ್ ಬಿಚ್ಚುವ ಮುನ್ನ

ಚಿರಂಜೀವಿ ಸುಧೀರನಿಗೆ ದೊಡ್ಡಪ್ಪನ ಆಶೀರ್ವಾದಗಳು.

ತೋಟಾಗಳಿಗೆ ಮರಳಿ ಮದ್ದು ತುಂಬುವ ಹಳೆಯ ಪ್ರೆಸ್ ಒಂದನ್ನು ಮನೆಯಲ್ಲೇ ದುರಸ್ತಿ ಮಾಡಲು ಹೊರಟಿರುವುದಾಗಿ ಬರೆದಿದ್ದೀಯೆ. ಪರವಾನಗಿಯ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಂಡಿರುತ್ತೀಯೆಂದು ನಂಬಿ, ಯಂತ್ರದ ಬಗ್ಗೆ ಮಾತ್ರ ಹೇಳುತ್ತೇನೆ.

ಅದಕ್ಕೆ ಮೆತ್ತಿರುವ ಕಪ್ಪನ್ನು ಬರಿಯ ಕೊಳೆಯೆಂದು ತಿಳಿಯಬೇಡ. ಪ್ರೈಮರ್ ಎಂದರೆ ತೋಟಾದ ಬುಡದಲ್ಲಿ ಕೂತು, ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು. ಅದು ಉರಿದ ಮಸಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಆದ್ದರಿಂದ ಒಣಬ್ರಷ್ಷಿನಿಂದ ಕೆರೆದು ಧೂಳೆಬ್ಬಿಸದೆ, ಕೈಗವಸು ತೊಟ್ಟು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸು. ಅದಕ್ಕೂ ಮುಂಚೆ, ಪ್ರೈಮರ್ ಕೂರಿಸುವ ತೋಳಿನಲ್ಲಾಗಲಿ ಕೊಳವೆಯಲ್ಲಾಗಲಿ ಸಿಡಿಯದ ಪ್ರೈಮರ್ ಸಿಕ್ಕಿಕೊಂಡಿದೆಯೇ ಎಂದು ಟಾರ್ಚ್ ಹಿಡಿದು ನೋಡು. ಎಣ್ಣೆ ಬಿದ್ದರೆ ಪ್ರೈಮರ್ ಸತ್ತುಹೋಗುತ್ತದೆಂಬ ಮಾತನ್ನು ನೆಚ್ಚಿಕೊಳ್ಳಬೇಡ. ಅನುಮಾನವಿರುವ ತನಕ ಆ ಭಾಗಕ್ಕೆ ಸುತ್ತಿಗೆಯ ಪೆಟ್ಟೂ ಬೇಡ, ಬೆಂಕಿಯ ಕಾವೂ ಬೇಡ.

ಚೌಕಟ್ಟು ಬೀಡುಕಬ್ಬಿಣದ್ದಾಗಿದ್ದರೆ ಬಿರುಕು ಹುಡುಕುವುದೇ ಮುಖ್ಯ ಕೆಲಸ. ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜು. ಬಿರುಕಿದ್ದರೆ ಒಳಗಿಂದ ಜಿನುಗಿದ ಎಣ್ಣೆ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಹಾಗೆ ಮೂಡಿದರೆ ಮನೆಯ ವೆಲ್ಡಿಂಗ್‌ಗೆ ಕೈಹಾಕದೆ ಆ ಪ್ರೆಸ್ಸನ್ನು ಬಿಟ್ಟುಬಿಡುವುದೇ ಲೇಸು, ಏಕೆಂದರೆ ಬೀಡುಕಬ್ಬಿಣ ಏರುಪೇರಾಗಿ ತಣಿದು ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ, ಹಿಡಿಕೆ ಕೆಳಮುಟ್ಟುವ ಹೊತ್ತಿಗೆ ಬೀಳುವ ಒತ್ತಡವೂ ಸಣ್ಣದಲ್ಲ.

ಜಗ್ಗದ ಪಿನ್ನುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡು, ಆಮೇಲೆ ಹಿತ್ತಾಳೆಯ ಕಡ್ಡಿಯಿಟ್ಟು ಹೊಡೆ. ಮೇಲೆ ಕೆಳಗೆ ಓಡಾಡುವ ದಂಡವಾದ ರ‍್ಯಾಮನ್ನು ಮಾತ್ರ ಹೊಳಪಿನ ಆಸೆಗೆ ಸ್ಯಾಂಡ್‌ಪೇಪರಿನಿಂದ ಉಜ್ಜಬೇಡ. ತುಕ್ಕು ಹೋದರೆ ಸಾಕು, ಲೋಹ ಹೋದರೆ ಮರಳಿ ಬರುವುದಿಲ್ಲ. ಆ ದಂಡ ಕೂದಲೆಳೆಯಷ್ಟು ಅಲ್ಲಾಡುವುದನ್ನು ಕಂಡು ಗಾಬರಿಯಾಗುವವರಿದ್ದಾರೆ, ಆದರೆ ಕೇಸು, ಅಂದರೆ ತೋಟಾದ ಲೋಹದ ಕೋಶ, ಅದಕ್ಕೆ ಆಕಾರ ಕೊಡುವ ಅಚ್ಚಾದ ಡೈಯೊಳಗೆ ಹೊಕ್ಕ ಮೇಲೆ ಡೈಯೇ ಅದನ್ನು ದಾರಿಗೆ ತರುವುದರಿಂದ ಅಷ್ಟು ಸಡಿಲ ದೋಷವಲ್ಲವೆಂದು ನನ್ನ ಅಭಿಪ್ರಾಯ. ಡೈ ಕೂರುವ ತಿರುಪಿನ ಮರೆ ಈಗ ಬಳಕೆಯಲ್ಲಿರುವ 7/8 ಅಂಗುಲ, ಅಂಗುಲಕ್ಕೆ 14 ಸುತ್ತಿನ ಅಳತೆಯದೇ ಎಂದು ನೋಡಿಕೊ. ತೀರ ಹಳೆಯ ಕೆಲವು ಪ್ರೆಸ್ಸುಗಳಲ್ಲಿ ಬೇರೆ ಅಳತೆಯಿದ್ದು ಇಂದಿನ ಡೈಗಳು ಕೂರುವುದಿಲ್ಲ.

ಕೀಲುಗಳಿಗೆ ಗ್ರೀಸ್ ಹಚ್ಚಿ ಜೋಡಿಸಿದ ಮೇಲೆ, ಪ್ರೈಮರೂ ಮದ್ದೂ ಇಲ್ಲದ ಖಾಲಿ ಕೇಸಿಗೆ ಜಾರುವಂತೆ ಎಣ್ಣೆ ಸವರಿ ಡೈಯೊಳಗೆ ಏರಿಸಿ ನೋಡು. ಕೇಸಿನ ಬಾಯಿ ಎಲ್ಲಿಯೂ ತಗುಲದೆ ಒಳಸೇರಿದರೆ ಕೆಲಸ ಮುಗಿದಂತೆ, ಬಣ್ಣ ಬಳಿಯುವುದನ್ನು ಆಮೇಲೆ ನೋಡಿಕೊಂಡರಾಯಿತು.

ಇತಿ,
ನಿನ್ನ ದೊಡ್ಡಪ್ಪ